ಬಾರದ ಉತ್ತರಗಳನ್ನೂ ಓದಬೇಕು: ಮಗಳ ಕಾಲೇಜ್ ಸಾಕರ್ ಹುಡುಕಾಟ

ಅಮೆರಿಕದ ಕಾಲೇಜ್ ಕೋಚ್‌ಗಳು ‘ನೀನು ನಮಗೆ ಬೇಡಮ್ಮ’ ಅಂತ ಬಾಯಿಬಿಟ್ಟು ಹೇಳುವುದು ಬಲು ಅಪರೂಪ. ಚೆನ್ನಾಗಿ ಆಡಿದೆ ಅನ್ನುತ್ತಾರೆ. ನಮ್ಮ ಕ್ಯಾಂಪಿಗೆ ಬಾ ಅನ್ನುತ್ತಾರೆ. ಮುಂದಿನ ಟೂರ್ನಿಯಲ್ಲಿ ನೋಡೋಣ ಅನ್ನುತ್ತಾರೆ. ಆಮೇಲೆ ಸುಮ್ಮನಾಗಿಬಿಡುತ್ತಾರೆ. ಕಾಲೇಜ್ ಸಾಕರ್, ಅಂದರೆ ಫುಟ್‌ಬಾಲ್, ತಂಡ ಹುಡುಕುವ ಈ ದಾರಿಯನ್ನು ಮಗಳ ಜೊತೆ ನಡೆದು ಮುಗಿಸಿದ ಮೇಲೆ ಬೇರೆ ಅಪ್ಪ ಅಮ್ಮಂದಿರು ನನ್ನನ್ನು ಕೇಳುವುದು ಸ್ಕಾಲರ್‌ಶಿಪ್ ಬಗ್ಗೆ, ಕ್ಲಬ್ ಬಗ್ಗೆ. ನಾನು ಹೇಳುವುದು ಮಾತ್ರ ಒಂದೇ. ಕೋಚ್ ಆಡಿದ ಮಾತನ್ನೂ ಆಡದ ಮಾತನ್ನೂ ಸರಿಯಾಗಿ ಓದಲು ಕಲಿಯಿರಿ. ಗೊತ್ತಾಗದಿದ್ದರೆ ಮಗು ನೇರವಾಗಿ ಕೇಳಿಬಿಡಲಿ.

ನಾವಿರುವುದು ನಾರ್ತ್ ಕ್ಯಾರೊಲಿನಾದ ಕ್ಯಾರಿಯಲ್ಲಿ. ಇಲ್ಲಿ ಹೆಣ್ಣುಮಕ್ಕಳ ಸಾಕರ್ ಅಂದರೆ ಊರಿಗೆ ಊರೇ ಎದ್ದು ಬರುತ್ತದೆ. ಸ್ವಲ್ಪ ದೂರದ ಚಾಪೆಲ್ ಹಿಲ್‌ನಲ್ಲಿ ಯುಎನ್‌ಸಿ, ಅಂದರೆ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯ, ಇದೆ. ಕೋಚ್ ಆನ್ಸನ್ ಡೋರನ್ಸ್ ಅವರು 1979ರಿಂದ ಕಟ್ಟಿ ಬೆಳೆಸಿದ ತಂಡ ಅದು. 2024ರ ಆಗಸ್ಟ್‌ನಲ್ಲಿ ಅವರು ನಿವೃತ್ತರಾದರು. ಅದೇ ವರ್ಷ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಫೈನಲ್ ನಮ್ಮೂರಿನ ವೇಕ್‌ಮೆಡ್ ಸಾಕರ್ ಪಾರ್ಕ್‌ನಲ್ಲೇ ನಡೆಯಿತು. ಯುಎನ್‌ಸಿ 1-0 ಗೋಲಿನಿಂದ ವೇಕ್ ಫಾರೆಸ್ಟ್ ತಂಡವನ್ನು ಸೋಲಿಸಿತು. ಮೈದಾನದ ಬೇಲಿ ಹಿಡಿದು ಇಂಥ ಆಟ ನೋಡುತ್ತಾ ಬೆಳೆದ ಹುಡುಗಿ ನಮ್ಮವಳು. ಎಡಗಾಲಿನ ಆಟಗಾರ್ತಿ, ಲೆಫ್ಟ್ ಬ್ಯಾಕ್, ಅಂದರೆ ಎಡ ಬದಿಯ ಡಿಫೆಂಡರ್. ಎಡಗಾಲಿನಲ್ಲೇ ಸಹಜವಾಗಿ ಆಡುವ ಡಿಫೆಂಡರ್‌ಗಳು ಕಮ್ಮಿ. ಹಾಗಾಗಿ ಆ ಜಾಗಕ್ಕೆ ಬೇಡಿಕೆ ಇರುತ್ತದೆ. ಇದು ಅವಳಿಗೆ ನಿಜವಾಗಿ ಸಹಾಯವಾಯಿತು.

ಶಿವಮೊಗ್ಗದಲ್ಲಿರುವ ನನ್ನ ಅಮ್ಮ ಫೋನಿನಲ್ಲಿ ಕೇಳಿದರು: ‘ಸ್ಪೋರ್ಟ್ಸ್ ಕೋಟಾದಲ್ಲಿ ಸೀಟ್ ಸಿಗುತ್ತೇನೇ ಪುಟ್ಟಿಗೆ?’ ಕೋಟಾ ಅಲ್ಲಮ್ಮ ಅಂದೆ. ನಮ್ಮಲ್ಲಿ ಸರ್ಟಿಫಿಕೇಟ್ ಕೊಡಬೇಕು, ಪಟ್ಟಿ ಹಾಕುತ್ತಾರೆ, ಪಟ್ಟಿ ಪ್ರಕಾರ ಸೀಟು. ಇಲ್ಲಿ ಅಂಥ ಪಟ್ಟಿ ಇಲ್ಲ. ಕೋಚ್ ಒಬ್ಬರು ತಮ್ಮ ತಂಡಕ್ಕೆ ಆ ವರ್ಷ ಯಾರು ಬೇಕು ಅಂತ ನೋಡಿ ಆರಿಸುತ್ತಾರೆ. ಆ ವರ್ಷ ಅವರಿಗೆ ಲೆಫ್ಟ್ ಬ್ಯಾಕ್ ಬೇಡವಾಗಿದ್ದರೆ ನೀವು ಎಷ್ಟೇ ಚೆನ್ನಾಗಿ ಆಡಿದರೂ ಅಲ್ಲಿ ಬಾಗಿಲು ತೆರೆಯುವುದಿಲ್ಲ.

ಕಾಲೇಜ್ ಕ್ರೀಡೆಯನ್ನು ನಡೆಸುವ ಮುಖ್ಯ ಸಂಸ್ಥೆ ಎನ್‌ಸಿಎಎ. ಅದರಲ್ಲಿ ಮೂರು ಡಿವಿಜನ್. ಡಿ1 ಮತ್ತು ಡಿ2 ಕಾಲೇಜುಗಳು ಆಟಕ್ಕೆ ಸ್ಕಾಲರ್‌ಶಿಪ್ ಕೊಡಬಹುದು. ಡಿ3ಯಲ್ಲಿ ಆಟಕ್ಕೆ ಅಂತ ಒಂದು ಡಾಲರ್ ಕೂಡ ಇಲ್ಲ. ಹಾರ್ವರ್ಡ್, ಯೇಲ್ ಇರುವ ಐವಿ ಲೀಗ್ ಡಿ1ರಲ್ಲೇ ಇದ್ದರೂ ಅಲ್ಲೂ ಆಟದ ಸ್ಕಾಲರ್‌ಶಿಪ್ ಇಲ್ಲ. ಡಿ3 ಅಂದ ತಕ್ಷಣ ನಮ್ಮವರು ಮೂರನೇ ದರ್ಜೆ ಅಂದುಕೊಳ್ಳುತ್ತಾರೆ. ಎಂಐಟಿ, ಶಿಕಾಗೊ, ಎಮರಿ, ವಿಲಿಯಮ್ಸ್, ಆಮ್‌ಹರ್ಸ್ಟ್ ಎಲ್ಲವೂ ಡಿ3 ಅಂತ ಹೇಳಿದಾಗ ಫೋನಿನ ಆ ಕಡೆ ಒಂದು ಕ್ಷಣ ಮಾತೇ ಇರುವುದಿಲ್ಲ. ಹೆಣ್ಣುಮಕ್ಕಳ ಸಾಕರ್ ತಂಡ ಇರುವ ಕಾಲೇಜುಗಳು ಡಿ1ರಲ್ಲಿ 300ಕ್ಕೂ ಹೆಚ್ಚು, ಡಿ3ಯಲ್ಲಿ 400ಕ್ಕೂ ಹೆಚ್ಚು. ಟಿವಿಯಲ್ಲಿ ಕಾಣುವ ಹತ್ತಿಪ್ಪತ್ತು ಹೆಸರುಗಳನ್ನೇ ಹಿಡಿದು ಕೂತರೆ ಇಷ್ಟು ದೊಡ್ಡ ಲೋಕ ಕಣ್ಣಿಗೇ ಬೀಳುವುದಿಲ್ಲ.

ಮಗಳು ಹತ್ತನೇ ತರಗತಿಯಲ್ಲಿದ್ದಾಗ ಈಮೇಲ್ ಬರೆಯಲು ಶುರುಮಾಡಿದಳು. ಬರೆಯುವುದು ಅವಳ ಕೆಲಸ ಅಂತ ಮನೆಯಲ್ಲಿ ಮೊದಲೇ ಮಾತಾಡಿಕೊಂಡಿದ್ದೆವು. ಕೋಚ್‌ಗಳಿಗೆ ಆಟಗಾರ್ತಿಯ ದನಿ ಕೇಳಬೇಕು. ಅಪ್ಪ ಅಮ್ಮನೇ ಬರೆದರೆ, ಈ ಹುಡುಗಿಗೆ ತನ್ನ ಮಾತು ತಾನೇ ಆಡಲು ಬರುವುದಿಲ್ಲವೇನೋ ಅಂದುಕೊಳ್ಳುತ್ತಾರೆ. ನಾನು ಒಂದು ಸ್ಪ್ರೆಡ್‌ಶೀಟ್ ಮಾಡಿಕೊಟ್ಟೆ. ಕಾಲೇಜು, ಕೋಚ್ ಹೆಸರು, ಯಾವಾಗ ಬರೆದಳು, ಏನು ಉತ್ತರ ಬಂತು, ಬಯಾಲಜಿ ವಿಭಾಗ ಹೇಗಿದೆ, ಖರ್ಚು ಎಷ್ಟು. ನಮ್ಮ ಮನೆಯವರು ಕಾರು ಓಡಿಸಿದರು, ವಿಡಿಯೊ ತೆಗೆದರು.

ಈಮೇಲ್‌ನ ತಲೆಬರಹದಲ್ಲೇ ಬೇಕಾದದ್ದೆಲ್ಲ ಇರಬೇಕು. ಹೈಸ್ಕೂಲ್ ಮುಗಿಸುವ ವರ್ಷ 2026, ಲೆಫ್ಟ್ ಬ್ಯಾಕ್, ಎಡಗಾಲು, ಕ್ಲಬ್ ಹೆಸರು, ಆಡಲಿರುವ ಟೂರ್ನಿ. ಒಳಗೆ ಜೆರ್ಸಿ ನಂಬರ್, ಯಾವ ಮೈದಾನ, ಎಷ್ಟು ಗಂಟೆಗೆ, ಜಿಪಿಎ (ಶಾಲೆಯ ಸರಾಸರಿ ಅಂಕ), ವಿಡಿಯೊ ಲಿಂಕ್, ಕ್ಲಬ್ ಕೋಚ್‌ನ ಫೋನ್. ಜೊತೆಗೆ ಆ ಕಾಲೇಜಿಗೆ ಮಾತ್ರ ಹೊಂದುವ ಒಂದೆರಡು ವಾಕ್ಯ. ಮಗಳು ಆ ತಂಡದ ಪಂದ್ಯ ನೋಡದೆ ಬರೆಯುತ್ತಿರಲಿಲ್ಲ. ‘ನಿಮ್ಮ ಲೆಫ್ಟ್ ಬ್ಯಾಕ್ ಚೆಂಡು ಇದ್ದಾಗ ಮಿಡ್‌ಫೀಲ್ಡ್ ಕಡೆ ಒಳಗೆ ಸರಿಯುತ್ತಾಳೆ, ನಾನೂ ಕ್ಲಬ್‌ನಲ್ಲಿ ಹಾಗೇ ಆಡುತ್ತೇನೆ’ ಎಂಬಂಥ ಸಾಲು. ಇದಕ್ಕೆ ಸಮಯ ಹಿಡಿಯುತ್ತದೆ. ಆದರೆ ಕಾಲೇಜಿನ ಹೆಸರೊಂದನ್ನೇ ಬದಲಿಸಿ ಕಳಿಸಿದ ಈಮೇಲ್ ಯಾವುದು ಅಂತ ಕೋಚ್‌ಗಳಿಗೆ ಓದುತ್ತಲೇ ಗೊತ್ತಾಗುತ್ತದೆ.

ಬರೆಯುವ ಮೊದಲು ಇನ್ನೊಂದು ಕೆಲಸ ಇತ್ತು. ಪ್ರತಿ ತಂಡದ ವೆಬ್‌ಸೈಟ್‌ನಲ್ಲೂ ಆಟಗಾರ್ತಿಯರ ಪಟ್ಟಿ ಇರುತ್ತದೆ. ಯಾವ ಜಾಗಕ್ಕೆ ಆಡುತ್ತಾರೆ, ಯಾವ ವರ್ಷದಲ್ಲಿದ್ದಾರೆ ಎಲ್ಲ ಸಿಗುತ್ತದೆ. ಮೊದಲ ವರ್ಷದಲ್ಲೇ ಇಬ್ಬರು ಲೆಫ್ಟ್ ಬ್ಯಾಕ್‌ಗಳಿದ್ದರೆ ಆ ಕಾಲೇಜಿಗೆ ಸದ್ಯಕ್ಕೆ ಅಂಥ ಅವಸರ ಇಲ್ಲ. ಇರುವವಳು ಮಗಳು ಸೇರುವ ಹೊತ್ತಿಗೆ ಓದು ಮುಗಿಸಿ ಹೋಗುತ್ತಾಳೆ ಅಂದರೆ ಅಲ್ಲಿ ಬರೆಯಲು ಅರ್ಥವಿದೆ. ಯಾರನ್ನೂ ಕೇಳದೆ, ಒಂದು ಪೈಸೆ ಖರ್ಚಿಲ್ಲದೆ ಸಿಗುವ ಮಾಹಿತಿ ಇದು. ‘ನಾವು ಕೋಚ್‌ಗಳಿಗೆ ತಲುಪಿಸುತ್ತೇವೆ’ ಅಂತ ಸಾವಿರಾರು ಡಾಲರ್ ಕೇಳುವ ಕಂಪನಿಗಳೂ ಇವೆ. ಅದರ ಅಗತ್ಯ ನಮಗೆ ಬೀಳಲಿಲ್ಲ. ಮಗು ತಾನೇ ಬರೆಯಲು ಸಿದ್ಧವಿದ್ದರೆ ಬೇರೆ ಯಾರಿಗೂ ಬೀಳಲಾರದು ಅಂತಲೇ ನನಗನ್ನಿಸುತ್ತದೆ.

ವಿಡಿಯೊ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮೂರ‍್ನಾಲ್ಕು ನಿಮಿಷ ಸಾಕು. ಹಾಡು, ಬಣ್ಣಬಣ್ಣದ ಅಕ್ಷರ ಬೇಡ. ಆಟ ಶುರುವಾಗುವ ಮುಂಚೆ ಅವಳ ಸುತ್ತ ಒಂದು ವೃತ್ತ ಹಾಕಿ ತೋರಿಸಬೇಕು, ಇಲ್ಲದಿದ್ದರೆ ಒಂದೇ ಬಣ್ಣದ ಅಂಗಿಯ ಇಷ್ಟು ಹುಡುಗಿಯರಲ್ಲಿ ಯಾರನ್ನು ನೋಡುವುದು? ಒಳ್ಳೆಯ ತುಣುಕುಗಳು ಮೊದಲ ಅರ್ಧ ನಿಮಿಷದಲ್ಲೇ ಬರಲಿ, ಅಷ್ಟರಲ್ಲಿ ಹಿಡಿಸದಿದ್ದರೆ ಮುಂದಕ್ಕೆ ನೋಡುವವರು ಕಮ್ಮಿ. ಡಿಫೆಂಡರ್‌ಗಳ ವಿಡಿಯೊ ಅಂದರೆ ಬರೀ ಟ್ಯಾಕಲ್ ಹಾಕಿಬಿಡುತ್ತಾರೆ. ನಮ್ಮ ಕ್ಲಬ್ ಕೋಚ್ ಬೇರೆ ದಾರಿ ತೋರಿಸಿದರು. ಚೆಂಡು ಕಾಲಿಗೆ ಬರುವ ಮುಂಚಿನ ಎರಡು ಮೂರು ಸೆಕೆಂಡ್ ಬಿಡಬೇಡಿ, ಅವಳು ಭುಜದ ಮೇಲಿಂದ ಹಿಂದೆ ನೋಡುವುದು ಕಾಣಲಿ ಅಂದರು. ಎದುರಾಳಿ ಮೈಮೇಲೆ ಬಂದಾಗ ಚೆಂಡನ್ನು ಒದ್ದು ಕಳಿಸದೆ ಜೊತೆಯವಳಿಗೆ ಪಾಸ್ ಕೊಟ್ಟದ್ದು ಬೇಕು. ಚೆಂಡು ಕಳೆದುಕೊಂಡ ಮೇಲೆ ಎಷ್ಟು ಬೇಗ ತಿರುಗಿ ಓಡಿದಳು ಅನ್ನುವುದೂ ಬೇಕು. ಗೋಲ್ ಹೊಡೆದದ್ದಕ್ಕಿಂತ ಇದನ್ನೇ ಕೋಚ್‌ಗಳು ಹುಡುಕುತ್ತಾರಂತೆ. ಆಮೇಲೆ ಫೋನ್ ಮಾಡಿದ ಒಬ್ಬ ಕೋಚ್ ವಿಡಿಯೊದಲ್ಲಿ ಅವಳು ತಿರುಗಿ ಓಡಿದ ತುಣುಕಿನ ಬಗ್ಗೆಯೇ ಮಾತು ಶುರುಮಾಡಿದರು.

ಇನ್ನು ತಾರೀಖು. ನಮ್ಮ ಆಟದಲ್ಲಿ ಡಿ1 ಮತ್ತು ಡಿ2 ಕೋಚ್‌ಗಳು ಹತ್ತನೇ ತರಗತಿ ಮುಗಿದ ಮೇಲಿನ ಜೂನ್ 15ರ ತನಕ ಮಗುವಿನ ಜೊತೆ ಸೇರ್ಪಡೆಯ ಮಾತು ಆಡುವಂತಿಲ್ಲ. ಅಲ್ಲಿಯವರೆಗೆ ಅವರು ಕಳಿಸಬಹುದಾದದ್ದು ಕ್ಯಾಂಪ್ ಮಾಹಿತಿ, ಪ್ರಶ್ನಾವಳಿ ಇಂಥವು. ಹಾಗಾಗಿ ಆ ದಿನದ ಮುಂಚೆ ಉತ್ತರ ಬಾರದಿದ್ದರೆ ಅದಕ್ಕೆ ಯಾವ ಅರ್ಥವೂ ಇಲ್ಲ, ನಿಯಮವೇ ಹಾಗಿದೆ. ಆ ದಿನ ಕಳೆದ ಮೇಲೆ ಬಾರದ ಉತ್ತರಕ್ಕೆ ಅರ್ಥ ಇದೆ. ಡಿ3 ಕೋಚ್‌ಗಳಿಗೆ ಈ ಕಟ್ಟುಪಾಡಿಲ್ಲ, ಅವರು ಮೊದಲೇ ಬರೆಯಬಹುದು. ಆದರೆ ಅವರು ಗಂಭೀರವಾಗಿ ಮಾತಾಡುವುದು ಸಾಮಾನ್ಯವಾಗಿ ತಡವಾಗಿಯೇ.

ನಮಗೆ ಆ ದಿನ ಬಂದದ್ದು 2024ರಲ್ಲಿ. ಶುಕ್ರವಾರ ರಾತ್ರಿ 12 ಕಳೆಯುತ್ತಿದ್ದಂತೆ ತಂಡದ ಹುಡುಗಿಯರ ಗ್ರೂಪ್ ಚಾಟ್ ಗಿಜಿಗುಟ್ಟತೊಡಗಿತು. ಕೆಲವರಿಗೆ ಫೋನ್ ಬಂತು, ಕೆಲವರಿಗೆ ಮೆಸೇಜು. ಮಗಳ ಫೋನು ಸುಮ್ಮನೇ ಇತ್ತು. ಅವಳ ಪಕ್ಕ ಕೂತಿದ್ದ ನನಗೆ ಏನು ಹೇಳಬೇಕೋ ತೋಚಲಿಲ್ಲ. ಬೆಳಿಗ್ಗೆ ಎದ್ದಾಗ ಕೆಲವು ಈಮೇಲ್‌ಗಳು ಬಂದಿದ್ದವು, ಜಾಸ್ತಿ ಎಲ್ಲ ಕ್ಯಾಂಪಿಗೆ ಕರೆದವು. ಒಂದು ಮೆಸೇಜ್ ಮಾತ್ರ ಬೇರೆ ಥರ ಇತ್ತು. ಒಬ್ಬ ಸಹಾಯಕ ಕೋಚ್ ಬರೆದಿದ್ದರು: ಮಾರ್ಚ್‌ನಲ್ಲಿ ರಿಚ್ಮಂಡ್‌ನ ಜೆಫರ್ಸನ್ ಕಪ್‌ನಲ್ಲಿ ನಿನ್ನ ಎರಡನೇ ಪಂದ್ಯ ನೋಡಿದೆ, ಮಳೆಯಲ್ಲಿ ಆ ವೇಗದ ವಿಂಗರ್‌ಳನ್ನು ನೀನು ಸಂಭಾಳಿಸಿದ ರೀತಿ ಇಷ್ಟವಾಯಿತು.

ಈ ಎರಡು ಬಗೆಯ ಪತ್ರಗಳ ನಡುವಿನ ವ್ಯತ್ಯಾಸವೇ ಎಲ್ಲಕ್ಕಿಂತ ಮುಖ್ಯ. ಆಟಗಾರ್ತಿಯರನ್ನು ಗುರುತಿಸಲು ಕಾಲೇಜುಗಳು ನಡೆಸುವ ಐಡಿ ಕ್ಯಾಂಪ್‌ಗಳಿಗೆ ನೂರಾರು ಡಾಲರ್ ಫೀಸು. ಎನ್‌ಸಿಎಎ ನಿಯಮದ ಪ್ರಕಾರ ಅವು ಎಲ್ಲರಿಗೂ ತೆರೆದಿರಬೇಕು. ವಯಸ್ಸು, ತರಗತಿ, ಒಟ್ಟು ಎಷ್ಟು ಜನ ಇಂಥ ಮಿತಿ ಮಾತ್ರ ಹಾಕಬಹುದು. ಅಂದರೆ ‘ನಿನ್ನನ್ನು ಆಹ್ವಾನಿಸುತ್ತಿದ್ದೇವೆ’ ಅನ್ನುವ ಪತ್ರ ಯಾರಿಗೆ ಬೇಕಾದರೂ ಹೋಗಬಹುದು. ಕ್ಯಾಂಪಿಗೆ ಹೋಗಲೇಬಾರದು ಅಂತಲ್ಲ. ಕೋಚ್ ಮೊದಲೇ ಮಗುವಿನ ಜೊತೆ ಮಾತಾಡಿದ್ದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಅವರ ಕೈಕೆಳಗೆ ಆಡಿ ನೋಡಬಹುದು, ಈಗಿನ ಆಟಗಾರ್ತಿಯರ ಜೊತೆ ಊಟ ಮಾಡಬಹುದು. ನಾವು ಒಂದು ಗೆರೆ ಹಾಕಿಕೊಂಡೆವು. ಪತ್ರದಲ್ಲಿ ಅವಳ ಆಟದ ಬಗ್ಗೆ ನಿರ್ದಿಷ್ಟ ಮಾತು ಇರಬೇಕು, ಅಥವಾ ಕೋಚ್ ಫೋನಿನಲ್ಲಿ ಮಾತಾಡಿರಬೇಕು. ಎರಡೂ ಇಲ್ಲದ ಕ್ಯಾಂಪಿಗೆ ದುಡ್ಡು ಕಟ್ಟುವುದಿಲ್ಲ.

ಪ್ರಶ್ನೆ ಕೇಳುವುದು ಇದಕ್ಕಿಂತ ಕಷ್ಟ. ‘2026ಕ್ಕೆ ಲೆಫ್ಟ್ ಬ್ಯಾಕ್ ಜಾಗಕ್ಕೆ ಎಷ್ಟು ಜನರನ್ನು ನೋಡುತ್ತಿದ್ದೀರಿ? ಅದರಲ್ಲಿ ನಾನು ಎಲ್ಲಿದ್ದೇನೆ?’ ಇಷ್ಟೇ. ದೊಡ್ಡವರನ್ನು ಹೀಗೆ ಮುಖಕ್ಕೆ ಕೇಳುವುದು ನಮ್ಮ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ಸುಲಭವಲ್ಲ. ಕ್ಯಾರಿಯಲ್ಲಿ ಹುಟ್ಟಿದರೂ ಅವಳಿಗೆ ಆ ಸಂಕೋಚ ನಮ್ಮಿಂದಲೇ ಬಂದಿದೆ. ಊಟದ ಟೇಬಲ್ ಮುಂದೆ ಅವಳಪ್ಪ ಕೋಚ್ ಆಗಿ ಕೂತರು, ಅವಳು ಕೇಳಿ ಕೇಳಿ ಅಭ್ಯಾಸ ಮಾಡಿದಳು. ಮೊದಲ ಸಲ ನಿಜವಾಗಿ ಕೇಳಿದಾಗ ಆ ಕೋಚ್ ಹೇಳಿದರು: ನಿನಗಿಂತ ಮೇಲೆ ಇಬ್ಬರಿದ್ದಾರೆ, ಅವರಿಬ್ಬರೂ ಬೇರೆ ಕಡೆ ಹೋದರೆ ನಿನ್ನನ್ನು ಕರೆಯುತ್ತೇನೆ. ಆ ರಾತ್ರಿ ಅವಳು ಸರಿಯಾಗಿ ಊಟ ಮಾಡಲಿಲ್ಲ. ಮಾರನೇ ದಿನ ಸ್ಪ್ರೆಡ್‌ಶೀಟ್‌ನಲ್ಲಿ ಆ ಕಾಲೇಜಿನ ಸಾಲಿಗೆ ಬೂದು ಬಣ್ಣ ಹಚ್ಚಿ ಇನ್ನೊಬ್ಬರಿಗೆ ಬರೆಯಲು ಕೂತಳು. ನನಗೆ ಅವಳ ಮೇಲೆ ಆವತ್ತು ಬಂದ ಹೆಮ್ಮೆ ಯಾವ ಪಂದ್ಯದಲ್ಲೂ ಬಂದದ್ದಿಲ್ಲ.

ಕಾಲೇಜ್ ಕೋಚ್‌ಗಳು ಬಂದು ನೋಡುವ ಷೋಕೇಸ್ ಟೂರ್ನಿಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಫೀನಿಕ್ಸ್, ಫ್ಲಾರಿಡಾ, ರಿಚ್ಮಂಡ್. ಮೈದಾನದ ಅಂಚಿನಲ್ಲಿ ಕಾಲೇಜಿನ ಲಾಂಛನದ ಅಂಗಿ ಹಾಕಿ, ಮಡಚುವ ಕುರ್ಚಿಯಲ್ಲಿ ಕೂತು ನೋಟ್ ಮಾಡಿಕೊಳ್ಳುವ ಕೋಚ್‌ಗಳು. ನಮ್ಮ ಕೆಲಸ ದೂರ ಕೂತು ಬಾಯಿ ಮುಚ್ಚಿಕೊಂಡಿರುವುದು. ರೆಫರಿ ಮೇಲೆ ಕೂಗಾಡುವ ಅಪ್ಪ ಅಮ್ಮಂದಿರನ್ನೂ ಕೋಚ್‌ಗಳು ಗಮನಿಸುತ್ತಾರೆ. ಯುಗಾದಿ, ರಾಜ್ಯೋತ್ಸವ, ಭಾನುವಾರದ ಕನ್ನಡ ಕ್ಲಾಸು ಎಷ್ಟೋ ತಪ್ಪಿದವು. ಯುಗಾದಿಗೆ ಒಮ್ಮೆ ಹೋಟೆಲ್ ರೂಮಿನಲ್ಲೇ ಬೇವು ಬೆಲ್ಲ ಹಂಚಿಕೊಂಡೆವು. ಕ್ಲಬ್ ಫೀಸು, ವಿಮಾನ, ಹೋಟೆಲ್ ಸೇರಿದರೆ ವರ್ಷಕ್ಕೆ ಸಾವಿರಾರು ಡಾಲರ್. ಸ್ಕಾಲರ್‌ಶಿಪ್ ಬಂದು ಇದೆಲ್ಲ ವಾಪಸ್ ಆಗುತ್ತದೆ ಅಂತ ಲೆಕ್ಕ ಹಾಕಿ ಖರ್ಚು ಮಾಡುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಆಗಿನ ನಿಯಮದಲ್ಲಿ ಒಂದು ಡಿ1 ಹೆಣ್ಣುಮಕ್ಕಳ ತಂಡಕ್ಕೆ ಇದ್ದದ್ದೇ 14 ಪೂರ್ತಿ ಸ್ಕಾಲರ್‌ಶಿಪ್. ಅದನ್ನು ಇಪ್ಪತ್ತೈದು ಮೂವತ್ತು ಜನರಿಗೆ ಹಂಚಬೇಕಿತ್ತು. ಕಾಲು ಭಾಗ ಸಿಕ್ಕಿದರೂ ಒಳ್ಳೆಯ ಮಾತು.

ಡಿ1ರಲ್ಲಿ ಕ್ಯಾಂಪಸ್ ಭೇಟಿಗೆ ಹನ್ನೊಂದನೇ ತರಗತಿ ಶುರುವಾಗುವ ಮುಂಚಿನ ಆಗಸ್ಟ್ 1ರಿಂದ ಅವಕಾಶ. ರಿಚ್ಮಂಡ್‌ನಲ್ಲಿ ಅವಳನ್ನು ನೋಡಿದ್ದ ಆ ಡಿ1 ಕಾಲೇಜಿಗೆ ಶರತ್ಕಾಲದಲ್ಲಿ ಹೋದೆವು. ಕೋಚ್ ಒಳ್ಳೆಯವರು. ತಂಡದ ಹುಡುಗಿಯರೂ ಪ್ರೀತಿಯಿಂದ ಮಾತಾಡಿಸಿದರು. ಮಗಳು ಅವರನ್ನು ಕೇಳಿದ್ದು ಒಂದೇ: ಮಧ್ಯಾಹ್ನ ಬಯಾಲಜಿ ಲ್ಯಾಬ್ ಇದ್ದ ದಿನ ಅಭ್ಯಾಸಕ್ಕೆ ಏನು ಮಾಡುತ್ತೀರಿ? ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೀಸನ್ ಇರುವಾಗ ಆದಷ್ಟು ಲ್ಯಾಬ್ ತೆಗೆದುಕೊಳ್ಳುವುದಿಲ್ಲ, ವಸಂತದಲ್ಲೋ ಬೇಸಿಗೆಯಲ್ಲೋ ಮಾಡುತ್ತೇವೆ ಅಂದರು. ಅವರು ಮುಚ್ಚುಮರೆ ಇಲ್ಲದೆ ಹೇಳಿದ್ದಕ್ಕೆ ನನಗೆ ಈಗಲೂ ಗೌರವ ಇದೆ. ಬರುವಾಗ ಕಾರಿನಲ್ಲಿ ಮಗಳು ಬಹಳ ಹೊತ್ತು ಮಾತಾಡಲಿಲ್ಲ.

ಆಮೇಲೆ ಕಾಲವೇ ಬದಲಾಯಿತು. ಹೌಸ್ ಪ್ರಕರಣ ಅಂತ ಒಂದು ದೊಡ್ಡ ಮೊಕದ್ದಮೆ ನಡೆಯುತ್ತಿತ್ತು. ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಅವರು 2025ರ ಜೂನ್ 6ರಂದು ರಾಜಿ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟರು. ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು ಅನ್ನುವುದು ಪೇಪರಿನ ಸುದ್ದಿ. ನಮ್ಮಂಥ ಮನೆಗಳಿಗೆ ತಟ್ಟಿದ್ದು ಬೇರೆ ಭಾಗ. ಒಪ್ಪಂದಕ್ಕೆ ಸೇರುವ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್ ಮಿತಿ ಹೋಯಿತು, ಬದಲಿಗೆ ತಂಡದ ಗಾತ್ರಕ್ಕೆ ಮಿತಿ ಬಂತು. ಸಾಕರ್‌ಗೆ 28. ಮೂವತ್ತರ ಮೇಲೆ ಜನರಿದ್ದ ತಂಡಗಳು ಕುಗ್ಗಬೇಕಾಯಿತು. ಜೊತೆಗೆ ಕಾಲೇಜು ಬದಲಿಸಲು ಬಯಸುವ ಆಟಗಾರರ ಹೆಸರಿರುವ, 2018ರಲ್ಲಿ ಶುರುವಾದ ಟ್ರಾನ್ಸ್‌ಫರ್ ಪೋರ್ಟಲ್ ಇದೆ, ಬೇರೆ ಕಾಲೇಜಿನಲ್ಲಿ ಎರಡು ವರ್ಷ ಆಡಿ ಪಳಗಿದವಳು ಅಲ್ಲಿ ಸಿಗುತ್ತಾಳೆ. ಇರುವ ಜಾಗವೇ ಕಮ್ಮಿ ಆದಾಗ ಕೋಚ್ ಯಾರನ್ನು ತೆಗೆದುಕೊಳ್ಳುತ್ತಾರೆ, ಹದಿನೇಳರ ಹುಡುಗಿಯನ್ನೋ ಇಪ್ಪತ್ತರವಳನ್ನೋ? ತೀರ್ಪು ಬರುವ ಮುಂಚೆಯೇ ಆ ಡಿ1 ಕೋಚ್ ಮಗಳಿಗೆ ಫೋನ್ ಮಾಡಿದರು. 2026ಕ್ಕೆ ಜಾಗ ಕಮ್ಮಿ ಮಾಡುತ್ತಿದ್ದೇವೆ, ನಿನ್ನನ್ನು ಕಾಯಿಸುವುದು ಸರಿಯಲ್ಲ ಅಂದರು. ನಾವು ಕೇಳಿದ ಕೆಲವೇ ಸ್ಪಷ್ಟ ‘ಇಲ್ಲ’ಗಳಲ್ಲಿ ಅದು ಒಂದು. ಬೇಸರವಾಯಿತು, ನಿಜ. ಆದರೆ ಇನ್ನೂ ಸಮಯ ಇರುವಾಗಲೇ ತಿಳಿಯಿತು.

ಅದೇ ವಸಂತದಲ್ಲಿ ಅವಳ ಕ್ಲಬ್ ಗೆಳತಿಯೊಬ್ಬಳ ಮಂಡಿಯ ಎಸಿಎಲ್ ಅನ್ನುವ ಅಸ್ಥಿರಜ್ಜು (ಲಿಗಮೆಂಟ್) ಹರಿಯಿತು. ಹುಡುಗಿಯರಲ್ಲಿ ಈ ಗಾಯ ಹುಡುಗರಿಗಿಂತ ಜಾಸ್ತಿ. ಅವಳಿಗೂ ಒಂದು ಕಾಲೇಜಿಗೂ ಆಗಲೇ ಬಾಯಿಮಾತಿನ ಒಪ್ಪಿಗೆ ಆಗಿತ್ತು. ಅಂಥ ಒಪ್ಪಿಗೆ ಎರಡು ಕಡೆಯವರನ್ನೂ ಕಟ್ಟಿಹಾಕುವುದಿಲ್ಲ, ಆದರೂ ಅವಳ ಕಾಲೇಜು ಮಾತಿಗೆ ನಿಂತಿತು. ಆಸ್ಪತ್ರೆಯಲ್ಲಿ ಅವಳನ್ನು ನೋಡಿ ಬಂದ ಮೇಲೆ ಮಗಳು ತನ್ನ ಪಟ್ಟಿಯನ್ನು ತಾನೇ ತಿದ್ದಿದಳು. ಒಂದು ದಿನವೂ ಆಡಲಾಗದಿದ್ದರೂ ನಾಲ್ಕು ವರ್ಷ ಖುಷಿಯಾಗಿ ಓದಬಹುದಾದ ಕಾಲೇಜುಗಳನ್ನಷ್ಟೇ ಉಳಿಸಿಕೊಂಡಳು. ಉಳಿದವುಗಳಲ್ಲಿ ಬಹಳಷ್ಟು ಡಿ3.

ಡಿ3ಯಲ್ಲಿ, ಅದರಲ್ಲೂ ಓದಿಗೆ ಹೆಸರಾದ ಕಾಲೇಜುಗಳಲ್ಲಿ, ಪ್ರೀ-ರೀಡ್ ಅಂತ ಒಂದು ಹಂತ ಇದೆ. ಹನ್ನೊಂದನೇ ತರಗತಿ ಮುಗಿದ ಮೇಲೆ ಜುಲೈ ಹೊತ್ತಿಗೆ ಕೋಚ್ ಅಂಕಪಟ್ಟಿ, ಎಸ್‌ಎಟಿ ಪ್ರವೇಶ ಪರೀಕ್ಷೆಯ ಅಂಕ, ಹನ್ನೆರಡರಲ್ಲಿ ತೆಗೆದುಕೊಳ್ಳುವ ವಿಷಯಗಳು ಎಲ್ಲವನ್ನೂ ಕೇಳಿ ಪಡೆದು ಅಡ್ಮಿಷನ್ ಆಫೀಸಿಗೆ ಕೊಡುತ್ತಾರೆ. ಅವರು ನೋಡಿ ಈ ಹುಡುಗಿಗೆ ಇಲ್ಲಿ ಅವಕಾಶ ಹೇಗಿದೆ ಅಂತ ಕೋಚ್‌ಗೆ ತಿಳಿಸುತ್ತಾರೆ. ಪ್ರೀ-ರೀಡ್ ಕೇಳಿದರು ಅಂದರೆ ಆಸಕ್ತಿ ನಿಜ ಅಂತಲೇ ಅರ್ಥ, ಏಕೆಂದರೆ ಕೋಚ್‌ಗಳು ಕಳಿಸಬಹುದಾದ ಹೆಸರುಗಳಿಗೆ ಮಿತಿ ಇರುತ್ತದೆ. ಒಳ್ಳೆಯ ಉತ್ತರ ಬಂದ ಮೇಲೂ ಮಗಳು ಇನ್ನೊಂದು ಪ್ರಶ್ನೆ ಕೇಳಲೇಬೇಕಿತ್ತು: ನಾನು ಅರ್ಲಿ ಡಿಸಿಷನ್‌ನಲ್ಲಿ ಅರ್ಜಿ ಹಾಕಿದರೆ ನೀವು ಅಡ್ಮಿಷನ್ ಆಫೀಸಿನಲ್ಲಿ ನನ್ನ ಪರ ನಿಲ್ಲುತ್ತೀರಾ? ‘ಖಂಡಿತ ಅರ್ಜಿ ಹಾಕು’ ಅನ್ನುವುದು ಬೇರೆ, ‘ನಿನ್ನ ಪರ ನಿಲ್ಲುತ್ತೇನೆ’ ಅನ್ನುವುದು ಬೇರೆ. ಒಬ್ಬ ಕೋಚ್ ಮೊದಲನೆಯದನ್ನೇ ಮತ್ತೆ ಮತ್ತೆ ಹೇಳಿದರು. ಇನ್ನೊಬ್ಬರು, ಈಶಾನ್ಯದ ಒಂದು ಸಣ್ಣ ಕಾಲೇಜಿನವರು, ಎರಡನೆಯದನ್ನು ಹೇಳಿದರು.

ಹಣದ ಮಾತು ಇಲ್ಲಿ ಬರುತ್ತದೆ. ಅರ್ಲಿ ಡಿಸಿಷನ್ ಅಂದರೆ ಸಿಕ್ಕರೆ ಸೇರಲೇಬೇಕು. ಮಗು, ಅಪ್ಪ ಅಥವಾ ಅಮ್ಮ, ಶಾಲೆಯ ಕೌನ್ಸೆಲರ್ ಮೂವರೂ ಸಹಿ ಹಾಕಬೇಕು. ನಾಲ್ಕು ಕಾಲೇಜುಗಳ ಲೆಕ್ಕ ಎದುರಿಗಿಟ್ಟು ಹೋಲಿಸುವ ಅವಕಾಶ ಇರುವುದಿಲ್ಲ. ಇಂಥ ಖಾಸಗಿ ಕಾಲೇಜುಗಳ ಒಟ್ಟು ಖರ್ಚು ಈಗ ವರ್ಷಕ್ಕೆ 90 ಸಾವಿರ ಡಾಲರ್ ದಾಟಿದೆ. ನಮ್ಮ ರಾಜ್ಯದವರಿಗೆ ಯುಎನ್‌ಸಿಯಲ್ಲಿ ಆಗುವುದು ಅದರ ಸುಮಾರು ಮೂರನೇ ಒಂದು ಭಾಗ. ಹಾಗಾಗಿ ಸಹಿ ಹಾಕುವ ಮುಂಚೆ ನಮಗೆ ನಿಜವಾಗಿ ಎಷ್ಟು ಖರ್ಚು ಬೀಳಬಹುದು ಅಂತ ಅಂದಾಜು ಹೇಳುವ ಆ ಕಾಲೇಜಿನ ನೆಟ್ ಪ್ರೈಸ್ ಕ್ಯಾಲ್ಕುಲೇಟರ್‌ನಲ್ಲಿ ನಮ್ಮ ಸಂಬಳ, ಉಳಿತಾಯ ಎಲ್ಲ ಹಾಕಿ ನೋಡಿದೆವು. ಆಮೇಲೆ ಫೈನಾನ್ಷಿಯಲ್ ಏಡ್ ಆಫೀಸಿಗೆ ನಾನೇ ಫೋನ್ ಮಾಡಿ ಮಾತಾಡಿದೆ. ಈ ಒಂದು ಫೋನ್ ಮಾತ್ರ ಅಪ್ಪ ಅಮ್ಮನೇ ಮಾಡಬೇಕಾದದ್ದು. ಅವರು ತಾಳ್ಮೆಯಿಂದ ಪ್ರತಿಯೊಂದನ್ನೂ ವಿವರಿಸಿದರು. ಆಟಕ್ಕೆ ಹಣ ಇಲ್ಲ, ಆದರೆ ನಮ್ಮ ಆದಾಯ ನೋಡಿ ಕೊಡುವ ನೆರವು ಇದೆ. ಅದು ಡಿ1ರಲ್ಲಿ ಆಟಕ್ಕೆ ಸಿಗಬಹುದಾಗಿದ್ದ ಕಾಲು ಭಾಗಕ್ಕಿಂತ ಜಾಸ್ತಿಯೇ ಆಯಿತು. ಹಾಗಿದ್ದೂ ಯುಎನ್‌ಸಿಗಿಂತ ದುಬಾರಿಯೇ. ಎರಡು ರಾತ್ರಿ ಮಾತಾಡಿ, ಕಾರು ಬದಲಾಯಿಸುವ ಯೋಚನೆ ಬಿಟ್ಟು, ಸಹಿ ಹಾಕಿದೆವು. ಪ್ರತಿ ಮನೆಯ ಲೆಕ್ಕ ಬೇರೆ. ಸಹಿಗೆ ಮುಂಚೆ ಅಂಕಿ ಕೈಯಲ್ಲಿರಬೇಕು ಅಷ್ಟೇ.

2025ರ ಡಿಸೆಂಬರ್ ನಡುವಿನಲ್ಲಿ ಫಲಿತಾಂಶ ಬಂತು. ಸೀಟು ಸಿಕ್ಕಿತು. ಶಿವಮೊಗ್ಗದಲ್ಲಿ ಅಮ್ಮ ಕೋಟೆ ಆಂಜನೇಯನಿಗೆ ಹಣ್ಣುಕಾಯಿ ಮಾಡಿಸಿ ಬಂದರು.

ಮಗಳು ಮಾರನೇ ವಾರವೇ ಕೋಚ್‌ಗೆ ಫೋನ್ ಮಾಡಿ ತಂಡದಲ್ಲಿ ತನ್ನ ಜಾಗ ಎಲ್ಲಿ ಅಂತ ಕೇಳಿದಳು. ಈಗ ಅವಳಿಗೆ ಆ ಪ್ರಶ್ನೆ ಸಲೀಸು. ನಿನ್ನ ಮುಂದೆ ಮೂರನೇ ವರ್ಷದವಳು ಒಬ್ಬಳಿದ್ದಾಳೆ, ಮೊದಲ ಸೀಸನ್‌ನಲ್ಲಿ ನೀನು ಬೆಂಚಿನಿಂದ ಬರುತ್ತೀಯ, ಕ್ರಾಸ್ (ಅಂಚಿನಿಂದ ಗೋಲಿನ ಮುಂದಕ್ಕೆ ಕಳಿಸುವ ಪಾಸ್) ಇನ್ನೂ ಚುರುಕಾಗಬೇಕು ಅಂದರಂತೆ. ಆಗಸ್ಟ್‌ನಲ್ಲಿ ಪ್ರೀಸೀಸನ್ ಶುರು. ಬೇಸಿಗೆಯ ಓಟ, ವ್ಯಾಯಾಮದ ಪಟ್ಟಿ ಬಂದಿದೆ, ಫ್ರಿಜ್ ಮೇಲೆ ಅಂಟಿಸಿದ್ದಾಳೆ. ಸಂಜೆ ಅವಳಪ್ಪನನ್ನು ಕರೆದುಕೊಂಡು ಮೈದಾನಕ್ಕೆ ಹೋಗುತ್ತಾಳೆ. ಅವರು ಗೋಲಿನ ಮುಂದೆ ನಿಲ್ಲುತ್ತಾರೆ, ಅವಳು ಎಡ ಅಂಚಿನಿಂದ ಕ್ರಾಸ್ ಹಾಕುತ್ತಾಳೆ.